ತುಕ್ಕಿನ ಪುಡಿಯಲ್ಲಿ ಉಳಿದ ಜಾಝ್

1957ರ ನವೆಂಬರ್ 29, ಶುಕ್ರವಾರ. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಒಂದು ಸಹಾಯಾರ್ಥ ಜಾಝ್ ಕಛೇರಿ ನಡೆಯಿತು. ಬಿಲ್ಲಿ ಹಾಲಿಡೇ, ಡಿಝಿ ಗಿಲೆಸ್ಪಿ, ರೇ ಚಾರ್ಲ್ಸ್, ಸನ್ನಿ ರಾಲಿನ್ಸ್ ಎಲ್ಲರೂ ಒಂದೇ ರಾತ್ರಿ ಒಂದೇ ವೇದಿಕೆಗೆ ಬಂದಿದ್ದರು. ಥೆಲೋನಿಯಸ್ ಮಂಕ್ ತಮ್ಮ ನಾಲ್ವರ ತಂಡದೊಂದಿಗೆ ಪಿಯಾನೊ ಮುಂದೆ ಕೂತರು. ಪಕ್ಕದಲ್ಲಿ ಸ್ಯಾಕ್ಸೊಫೋನ್ ಹಿಡಿದು ನಿಂತಿದ್ದವರು 31 ವರ್ಷದ ಜಾನ್ ಕೋಲ್ಟ್ರೇನ್. ವಾಯ್ಸ್ ಆಫ್ ಅಮೆರಿಕ ರೇಡಿಯೊದವರು ಇಡೀ ಕಾರ್ಯಕ್ರಮವನ್ನು ಟೇಪಿಗೆ ಹಿಡಿದರು. ಆಮೇಲೆ ಆ ಟೇಪು ಡಬ್ಬಿ ಸೇರಿತು. ಅಂಥದ್ದೊಂದು ಇದೆ ಎಂಬುದೇ ಬಹುತೇಕ ಮರೆತುಹೋಯಿತು.

ಆ ಟೇಪಿಗೆ ಏಕೆ ಇಷ್ಟು ಬೆಲೆ? ಆ ವರ್ಷದ ಬೇಸಿಗೆಯಿಂದ ಮಂಕ್ ಮತ್ತು ಕೋಲ್ಟ್ರೇನ್ ಫೈವ್ ಸ್ಪಾಟ್ ಎಂಬ ಪುಟ್ಟ ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ಜೊತೆಗೆ ನುಡಿಸಿದ್ದರು. ಕೋಲ್ಟ್ರೇನ್ ಬೇರೆಯೇ ವಾದಕರಾಗಿ ಹೊರಬಂದದ್ದು ಅಲ್ಲಿಂದ ಎಂದು ಕೇಳಿದವರು ಹೇಳಿದರು, ಬರೆದರು. ಆದರೆ ಇಬ್ಬರೂ ಬೇರೆ ಬೇರೆ ರೆಕಾರ್ಡ್ ಕಂಪನಿಗಳ ಕರಾರಿನಲ್ಲಿದ್ದರು. ಸ್ಟುಡಿಯೊದಲ್ಲಿ ಈ ತಂಡ ನುಡಿಸಿದ್ದು ತೀರಾ ಕಡಿಮೆ. ಕೋಲ್ಟ್ರೇನ್ ಅವರ ಪತ್ನಿ ನೈಮಾ 1958ರಲ್ಲಿ ಕ್ಲಬ್ಬಿನಲ್ಲಿ ಹಿಡಿದಿದ್ದ ಟೇಪೊಂದು 1993ರಲ್ಲಿ ಬಿಡುಗಡೆಯಾಯಿತು, ಆದರೆ ಅದರ ಧ್ವನಿ ಮಸುಕು. ಹೀಗಾಗಿ ಎರಡು ತಲೆಮಾರಿನ ಅಭಿಮಾನಿಗಳು ಈ ಜೋಡಿಯ ಬಗ್ಗೆ ಓದಿದ್ದೇ ಜಾಸ್ತಿ, ಕೇಳಿದ್ದು ಕಡಿಮೆ.

2005ರ ಆರಂಭದಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಲ್ಯಾರಿ ಆ್ಯಪಲ್‌ಬಾಮ್ ಹಳೆಯ ರೇಡಿಯೊ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸದಲ್ಲಿದ್ದರು. ಒಂದು ಡಬ್ಬಿಯ ಮೇಲೆ ಕೈಬರಹದಲ್ಲಿ 'ಟಿ. ಮಂಕ್' ಎಂದಿತ್ತು. ಓಡಿಸಿ ನೋಡಿದರು. ಪಿಯಾನೊ ಮಂಕ್ ಅವರದು, ಸ್ಯಾಕ್ಸೊಫೋನ್ ಕೋಲ್ಟ್ರೇನ್ ಅವರದು, ಧ್ವನಿ ಸ್ಫಟಿಕದಷ್ಟು ಸ್ಪಷ್ಟ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ಲೂ ನೋಟ್ ಕಂಪನಿ ಅದನ್ನು ಆಲ್ಬಮ್ಮಾಗಿ ತಂದಿತು.

ಅಲ್ಲಿಂದೀಚೆಗೆ ಇಂಥ ಬಿಡುಗಡೆಗಳು ಜಾಝ್ ಲೋಕದ ಹಬ್ಬಗಳಾಗಿವೆ. 1968ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ಹೈಸ್ಕೂಲಿನ 16 ವರ್ಷದ ಹುಡುಗನೊಬ್ಬ ಮಂಕ್ ಅವರನ್ನು ತನ್ನ ಶಾಲೆಗೇ ಕರೆಸಿ ಕಛೇರಿ ಮಾಡಿಸಿದ್ದ. ಅದನ್ನು ರೆಕಾರ್ಡ್ ಮಾಡಿದ್ದು ಶಾಲೆಯ ಜಾಡಮಾಲಿ! ಅದು 2020ರಲ್ಲಿ ಬಂತು. 1961ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ಗೇಟ್ ಕ್ಲಬ್ಬಿನಲ್ಲಿ ಕೋಲ್ಟ್ರೇನ್ ಮತ್ತು ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಎರಿಕ್ ಡಾಲ್ಫಿ ನುಡಿಸಿದ್ದು 2023ರ ಜುಲೈನಲ್ಲಿ ಬಂತು. ಮೆಕಾಯ್ ಟೈನರ್ ಮತ್ತು ಜೋ ಹೆಂಡರ್‌ಸನ್ 1966ರಲ್ಲಿ ಸ್ಲಗ್ಸ್ ಕ್ಲಬ್ಬಿನಲ್ಲಿ ನುಡಿಸಿದ ಟೇಪನ್ನು ಆ ರಾತ್ರಿ ಡ್ರಮ್ಸ್ ನುಡಿಸಿದ ಜ್ಯಾಕ್ ಡಿಜೊನೆಟ್ ದಶಕಗಳ ಕಾಲ ಇಟ್ಟುಕೊಂಡಿದ್ದರು. ಅದು ಬಂದದ್ದು 2024ರಲ್ಲಿ. ಪ್ರತಿ ಸಲವೂ ಮೊದಲು ಘೋಷಣೆ, ಆಮೇಲೆ ವಾರಗಟ್ಟಲೆ ಕಾಯುವುದು. ಕಪಾಟಿನ ತುಂಬ ಕೋಲ್ಟ್ರೇನ್ ಇರುವವರೂ ಇನ್ನೊಂದಕ್ಕೆ ಕಾಯುತ್ತಾರೆ.

ನಮ್ಮಲ್ಲಿ ರಾಗಸಂಗೀತ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಒಂದು ರಾಗವನ್ನು ಎಷ್ಟು ಸಲ ಕೇಳಿದ್ದರೂ, ಅದೇ ರಾಗದ ಇನ್ನೊಂದು ಹಳೆಯ ಕಛೇರಿ ಸಿಕ್ಕಿದೆ ಎಂದರೆ ಕಿವಿ ನೆಟ್ಟಗಾಗುತ್ತದೆ. ಜಾಝ್‌ನಲ್ಲೂ ಹಾಗೇ. ಹಾಡು ಗೊತ್ತಿರುತ್ತದೆ, ಅದರ ಮೇಲೆ ಆ ರಾತ್ರಿ ಏನು ಕಟ್ಟಿದರು ಎಂಬುದು ಗೊತ್ತಿರುವುದಿಲ್ಲ. ಸೋಲೊ, ಅಂದರೆ ಒಬ್ಬ ವಾದಕ ತನ್ನ ಮನೋಧರ್ಮದಿಂದ ನುಡಿಸುವ ಭಾಗ, ಎನ್ನುವುದು ಆ ಕ್ಷಣದಲ್ಲಿ ಹುಟ್ಟಿ ಅಲ್ಲೇ ಮುಗಿಯುವ ವಸ್ತು. ಅದು ನಮಗೆ ಸಿಗಬೇಕಾದರೆ ಟೇಪು ಬದುಕಿ ಉಳಿದಿರಬೇಕು. ಅದಕ್ಕೇ ಈ ಕಾಯುವಿಕೆಯ ಕಥೆಯಲ್ಲಿ ಅರ್ಧ ರಸಾಯನಶಾಸ್ತ್ರವಿದೆ.

ಟೇಪು ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡ್ ಪುಡಿ. ತುಕ್ಕಿನ ಹತ್ತಿರದ ಸಂಬಂಧಿ ಅದು. ಸೂಜಿಯಾಕಾರದ ಈ ಕಣಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಮೈಕಿನಿಂದ ಬಂದ ವಿದ್ಯುತ್ತು ರೆಕಾರ್ಡಿಂಗ್ ಹೆಡ್‌ನಲ್ಲಿ ಕಾಂತಕ್ಷೇತ್ರವಾಗುತ್ತದೆ. ಅದರ ಮುಂದೆ ಹಾದುಹೋಗುವ ಕಣಗಳು ಆ ಗಳಿಗೆಯ ಸದ್ದಿಗೆ ತಕ್ಕಂತೆ ಕಾಂತಗೊಂಡು ಹಾಗೇ ಉಳಿಯುತ್ತವೆ. ಸೆಕೆಂಡಿಗೆ 19 ಸೆಂಟಿಮೀಟರ್ ಓಡುವ ಟೇಪಿನಲ್ಲಿ 10,000 ಹರ್ಟ್ಸ್‌ನ (ಸೆಕೆಂಡಿಗೆ 10,000 ಕಂಪನಗಳ) ಒಂದು ಅಲೆಗೆ ಸಿಗುವ ಜಾಗ ಬರೀ 19 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಡ್ರಮ್ಸ್‌ನ ಸಿಂಬಲ್‌ಗಳ ಝಣಝಣ ಇರುವುದು ಈ ಸೂಕ್ಷ್ಮ ಜಾಗದಲ್ಲೇ.

ಹಳೆಯ ಟೇಪನ್ನು ಸುಮ್ನೆ ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದರೆ ಸಾಲದು ಎನ್ನುವುದು ಇದಕ್ಕೇ. ಕಾಲು ಇಂಚಿನ ಮೊನೊ ಟೇಪಿನ ಪೂರ್ತಿ ಅಗಲವನ್ನು ಓದುವ ಹೆಡ್, ರೆಕಾರ್ಡ್ ಮಾಡಿದ ಹೆಡ್ಡಿಗಿಂತ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ವಾಲಿದ್ದರೂ ಒಂದು ಅಂಚಿಗೂ ಇನ್ನೊಂದು ಅಂಚಿಗೂ 11 ಮೈಕ್ರಾನ್ ವ್ಯತ್ಯಾಸ ಬೀಳುತ್ತದೆ. 19 ಮೈಕ್ರಾನ್ ಉದ್ದದ ಅಲೆಗೆ ಇದು ದೊಡ್ಡ ಪೆಟ್ಟು. ಆ ಸ್ವರದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಟೇಪಿನಲ್ಲಿ ಎಲ್ಲವೂ ಇದ್ದರೂ ನಮಗೆ ಕೇಳುವುದು ಮುಸುಕು ಹೊದ್ದ ಧ್ವನಿ. ಹಾಗಾಗಿ ಕೆಲಸ ಬಲ್ಲ ತಂತ್ರಜ್ಞರು ಪ್ರತಿ ಟೇಪಿಗೂ ಹೆಡ್ ಅನ್ನು ಕೂದಲೆಳೆಯಷ್ಟು ತಿರುಗಿಸಿ, ಕೇಳಿ, ಮತ್ತೆ ತಿರುಗಿಸಿ ಸರಿಹೊಂದಿಸುತ್ತಾರೆ. ಹಳೆಯ ಆಲ್ಬಮ್ಮಿನ ಬಗ್ಗೆ 'ಧ್ವನಿ ಅದ್ಭುತ' ಎಂದು ನಾವು ಮೆಚ್ಚುವಾಗ ಈ ಹೆಸರಿಲ್ಲದ ಕೈಚಳಕಕ್ಕೂ ಅದರಲ್ಲಿ ಪಾಲಿದೆ.

ವೇಗದ ಕಥೆ ಇನ್ನೊಂದು. ಟೇಪು ಶೇಕಡ 6ರಷ್ಟು ಬೇಗ ಓಡಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಇದಕ್ಕೆ ಹೆಸರಾಂತ ಉದಾಹರಣೆ ಸ್ಟುಡಿಯೊದ್ದೇ. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಆಲ್ಬಮ್ 1959ರಲ್ಲಿ ಬಂದಾಗ ಮೊದಲ ಬದಿಯ ಮೂರೂ ಕೃತಿಗಳ ಶ್ರುತಿ ಸ್ವಲ್ಪ ಏರಿತ್ತು, ಏಕೆಂದರೆ ರೆಕಾರ್ಡ್ ಮಾಡಿದ ಯಂತ್ರ ನಿಧಾನವಾಗಿ ಓಡಿತ್ತು. ಸರಿಪಡಿಸಿದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ಪ್ರಪಂಚದ ವಿದ್ಯಾರ್ಥಿಗಳು ಆ ದಾಖಲೆಯ ಜೊತೆ ನುಡಿಸುವಾಗ ವಾದ್ಯದ ಶ್ರುತಿಯನ್ನೇ ಬದಲಿಸಿಕೊಳ್ಳಬೇಕಾಗುತ್ತಿತ್ತು. ಈಗ ವೇಗ ಅಳೆಯಲು ಒಂದು ಸೊಗಸಾದ ದಾರಿ ಇದೆ. ಅಮೆರಿಕದ ಕರೆಂಟು 60 ಹರ್ಟ್ಸ್. ಅದರ ಸಣ್ಣ ಗುಂಯ್‌ಗುಡುವಿಕೆ ಎಷ್ಟೋ ಟೇಪುಗಳಲ್ಲಿ ಬೆರೆತಿರುತ್ತದೆ. ಅದು 59 ಅಥವಾ 61 ಎಂದು ಸಿಕ್ಕರೆ ವೇಗ ತಪ್ಪಿದೆ ಎಂದರ್ಥ. ಯಾವುದನ್ನು ಕಸ ಎಂದು ತೆಗೆದುಹಾಕಲು ಹೊರಟಿದ್ದರೋ ಅದೇ ಗಡಿಯಾರವಾಗಿ ನಿಲ್ಲುತ್ತದೆ. ಇನ್ನೂ ಮುಂದೆ ಹೋಗಿ, ರೆಕಾರ್ಡ್ ಮಾಡುವಾಗ ಧ್ವನಿ ಕೆಡದಿರಲೆಂದು ಬೆರೆಸುವ, ನಮ್ಮ ಕಿವಿಗೆ ಎಟುಕದ ಅತಿ ಎತ್ತರದ ಕಂಪನದ ಕುರುಹನ್ನು ಹುಡುಕಿ, ಟೇಪಿನ ಕ್ಷಣಕ್ಷಣದ ತೊನೆದಾಟವನ್ನೂ ನೇರ ಮಾಡುವ ವಿಧಾನ ಬಂದಿದೆ.

ವಯಸ್ಸಾದಷ್ಟೂ ಟೇಪು ಹಾಳು ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಯಾವಾಗಲೂ ಹಾಗಲ್ಲ. 1950ರ ದಶಕದ ಎಷ್ಟೋ ಟೇಪುಗಳು ಇಂದಿಗೂ ಚೆನ್ನಾಗಿ ಓಡುತ್ತವೆ. 1970ರ ದಶಕದ ಮಧ್ಯದಿಂದ ಬಂದ ಹಲವು ಟೇಪುಗಳು ಓಡುವುದೇ ಇಲ್ಲ. ಆಗ ಬಳಕೆಗೆ ಬಂದ ಪಾಲಿಯುರೆಥೇನ್ ಅಂಟು ಗಾಳಿಯ ತೇವವನ್ನು ಹೀರಿ ನಿಧಾನವಾಗಿ ಒಡೆಯುತ್ತದೆ. ಟೇಪು ಜಿಗುಟಾಗಿ, ಹೆಡ್ಡಿಗೆ ಅಂಟಿಕೊಂಡು, ಕೀರಲು ಸದ್ದು ಮಾಡಿ, ಪುಡಿಯನ್ನೇ ಬಿಟ್ಟುಕೊಡುತ್ತದೆ. ಉದುರಿದ ಪುಡಿಯ ಜೊತೆ ಸಂಗೀತವೂ ಹೋದಂತೆ. ಇದಕ್ಕೆ ಮದ್ದು ಬಿಸಿ: ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಅಂಟು ತಾತ್ಕಾಲಿಕವಾಗಿ ಗಟ್ಟಿಯಾಗುತ್ತದೆ. ಆ ಬಿಡುವಿನಲ್ಲೇ ಅದನ್ನು ಓಡಿಸಿ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. 1950ರ ದಶಕದ ಅಸಿಟೇಟ್ ಟೇಪಿನ ಕಾಯಿಲೆ ಬೇರೆ. ಅದರ ಪ್ಲಾಸ್ಟಿಕ್ಕೇ ಕ್ರಮೇಣ ಒಡೆದು ವಿನೆಗರ್ ವಾಸನೆ ಬಿಡುತ್ತದೆ, ಒಣಗಿ ಬಾಗುತ್ತದೆ. ಆದರೆ ಅದಕ್ಕೊಂದು ಒಳ್ಳೆಯ ಗುಣವಿದೆ. ಎಳೆದರೆ ಹಿಗ್ಗುವುದಿಲ್ಲ, ಕಟ್ಟೆಂದು ತುಂಡಾಗುತ್ತದೆ. ತುಂಡಾದದ್ದನ್ನು ಹಾಗೇ ಜೋಡಿಸಬಹುದು. ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಟೇಪು ಹಿಗ್ಗಿದರೆ ಅಲ್ಲಿದ್ದ ಸ್ವರವೂ ಹಿಗ್ಗಿಹೋಗುತ್ತದೆ.

ಟೇಪಿನ ಗುಣಗಳಲ್ಲಿ ನನಗೆ ತುಂಬ ಇಷ್ಟವಾದದ್ದೊಂದಿದೆ. ವರ್ಷಗಟ್ಟಲೆ ಸುತ್ತಿಟ್ಟಾಗ ಒಂದು ಸುತ್ತಿನ ಕಾಂತತೆ ಪಕ್ಕದ ಸುತ್ತಿಗೆ ಸ್ವಲ್ಪ ಸೋಂಕುತ್ತದೆ. ಆಗ ನಿಶ್ಶಬ್ದದ ಜಾಗದಲ್ಲಿ, ಮುಂದೆ ಬರಲಿರುವ ಸ್ವರ ಒಂದು ಕ್ಷಣ ಮೊದಲೇ ತೀರಾ ಸಣ್ಣದಾಗಿ ಕೇಳುತ್ತದೆ.

ಮನುಷ್ಯನ ಮಿದುಳು ಸಂಗೀತ ಕೇಳುವಾಗ ಮಾಡುವುದೂ ಮುಂದಿನದನ್ನು ಊಹಿಸುವ ಕೆಲಸವೇ. ಮಾಂಟ್ರಿಯಲ್‌ನಲ್ಲಿ ವ್ಯಾಲೊರಿ ಸಲಿಂಪೂರ್, ರಾಬರ್ಟ್ ಝಟೋರೆ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಬಲು ಪ್ರಸಿದ್ಧ. ಮೈ ನವಿರೇಳಿಸುವ, ತಮಗಿಷ್ಟವಾದ ಸಂಗೀತವನ್ನು ಜನ ಕೇಳುತ್ತಿದ್ದಾಗ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ನವಿರೇಳುವ ಕ್ಷಣದಲ್ಲಿ ಒಂದು ಭಾಗದಲ್ಲಿ ಡೋಪಮಿನ್ ಎಂಬ, ಸುಖದ ಅನುಭವಕ್ಕೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆಯಾಯಿತು. ಅದಕ್ಕಿಂತ ಮೊದಲೇ, 'ಈಗ ಬರುತ್ತದೆ' ಎಂದು ಕಾಯುವ ಸೆಕೆಂಡುಗಳಲ್ಲಿ, ಬೇರೊಂದು ಭಾಗದಲ್ಲೂ ಬಿಡುಗಡೆಯಾಯಿತು. ಕಾಯುವುದಕ್ಕೆ ಅದರದ್ದೇ ಸುಖವಿದೆ. ಆದರೆ ಇದು ಸೆಕೆಂಡುಗಳ ಮಾತು. ಆಲ್ಬಮ್ಮಿಗಾಗಿ ಎರಡು ತಿಂಗಳು ಕಾಯುವುದಕ್ಕೂ ಇದೇ ಕಾರಣ ಎಂದು ಎಳೆದು ಹೇಳಿದರೆ ಅದು ವಿಜ್ಞಾನವಲ್ಲ.

ಜಾಝ್ ಕೇಳುಗರಿಗೆ ಹೆಚ್ಚು ಹತ್ತಿರವಾದದ್ದು ಅದೇ ಗುಂಪಿನ 2013ರ ಅಧ್ಯಯನ. ಈ ಸಲ ಜನರಿಗೆ ಅವರು ಹಿಂದೆಂದೂ ಕೇಳದ ಹಾಡುಗಳ ತುಣುಕುಗಳನ್ನು ಕೇಳಿಸಿದರು. ಪೂರ್ತಿ ಹಾಡು ಬೇಕೆಂದರೆ ತಮ್ಮ ಜೇಬಿನಿಂದ 2 ಡಾಲರ್‌ವರೆಗೆ ಕೊಡಬಹುದಿತ್ತು. ಹೆಚ್ಚು ದುಡ್ಡು ಕೊಡಲು ಒಪ್ಪಿದ ಹಾಡುಗಳನ್ನು ಕೇಳುವಾಗ, ಖುಷಿಗೆ ಸಂಬಂಧಿಸಿದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗ ಹೆಚ್ಚು ಚುರುಕಾಗಿತ್ತು. ಅಷ್ಟೇ ಅಲ್ಲ, ಅದು ಧ್ವನಿಯನ್ನು ಗ್ರಹಿಸುವ ಭಾಗಗಳ ಜೊತೆ ಹೆಚ್ಚು ಬಿಗಿಯಾಗಿ ಸೇರಿ ಕೆಲಸ ಮಾಡುತ್ತಿತ್ತು. ಸಂಶೋಧಕರ ವಿವರಣೆ ಹೀಗಿದೆ: ಜೀವನವಿಡೀ ಕೇಳಿದ ಸಂಗೀತದ ಮಾದರಿಗಳು ಧ್ವನಿಯ ಭಾಗದಲ್ಲಿ ಕೂಡಿಬಿದ್ದಿವೆ. ಹೊಸ ಹಾಡು ಬಂದಾಗ ಅವುಗಳ ಆಧಾರದ ಮೇಲೆ ಮಿದುಳು ಊಹೆ ಕಟ್ಟುತ್ತದೆ. ಊಹೆಗಿಂತ ಚೆನ್ನಾಗಿದ್ದರೆ ಸುಖ.

ಇದನ್ನು ವಿಲೇಜ್ ಗೇಟ್ ಆಲ್ಬಮ್ಮಿಗೆ ಹಚ್ಚಿ ನೋಡಿ. 'ಮೈ ಫೇವರಿಟ್ ಥಿಂಗ್ಸ್' ಅನ್ನು ಕೋಲ್ಟ್ರೇನ್ ಸ್ಟುಡಿಯೊದಲ್ಲಿ ನುಡಿಸಿದ್ದು 1960ರಲ್ಲಿ. ಅಭಿಮಾನಿಗಳಿಗೆ ಅದರ ಒಂದೊಂದು ತಿರುವೂ ಬಾಯಿಪಾಠ. 1961ರ ಆಗಸ್ಟ್‌ನ ಟೇಪಿನಲ್ಲಿ ಅದೇ ಹಾಡು, ಆದರೆ ಪಕ್ಕದಲ್ಲಿ ಡಾಲ್ಫಿ ಇದ್ದಾರೆ. ಡಾಲ್ಫಿ ಆ ತಂಡದಲ್ಲಿದ್ದದ್ದು ಕೆಲವೇ ತಿಂಗಳು. 1964ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡರು. ಕೋಲ್ಟ್ರೇನ್ 1967ರಲ್ಲಿ, 40ನೇ ವಯಸ್ಸಿನಲ್ಲಿ ಹೋದರು. ಈ ಇಬ್ಬರ ಹೊಸ ನಿಮಿಷಗಳು ಇನ್ನು ಹುಟ್ಟುವಂತಿಲ್ಲ, ಸಿಕ್ಕರೆ ಸಿಗಬೇಕು ಅಷ್ಟೆ. ಹಾಡಿನ ಅಡಿಪಾಯ ಗಟ್ಟಿಯಾಗಿ ಗೊತ್ತಿರುವುದರಿಂದಲೇ ಅದರಿಂದ ಎಷ್ಟು ದೂರ ಹೋದರು ಎಂಬುದು ಕೇಳುಗನಿಗೆ ತಟ್ಟುತ್ತದೆ. ಜಾಝ್ ಗೊತ್ತಿಲ್ಲದವರಿಗೆ ಇದು ಬರೀ ಗದ್ದಲ ಅನ್ನಿಸುವುದೂ ಇದೇ ಕಾರಣಕ್ಕೆ: ಊಹೆ ಕಟ್ಟಲು ಬೇಕಾದ ಸರಕು ಇನ್ನೂ ಕೂಡಿಲ್ಲ. ಅದು ಕೇಳುತ್ತ ಕೇಳುತ್ತ ಕೂಡುತ್ತದೆ.

ವಿಲೇಜ್ ಗೇಟ್‌ನ ಆ ಟೇಪನ್ನು ಹಿಡಿದದ್ದು ರಿಚ್ ಆಲ್ಡರ್‌ಸನ್ ಎಂಬ ಧ್ವನಿ ತಂತ್ರಜ್ಞ, ಕ್ಲಬ್ಬಿನ ಹೊಸ ಧ್ವನಿವ್ಯವಸ್ಥೆಯನ್ನು ಪರೀಕ್ಷಿಸಲು. ಬಳಸಿದ್ದು ಒಂದೇ ಒಂದು ರಿಬ್ಬನ್ ಮೈಕ್. ಕಾಂತದ ನಡುವೆ ತೂಗುವ ತೆಳ್ಳನೆಯ ಲೋಹದ ಪಟ್ಟಿ ಗಾಳಿಯ ಅಲೆಗೆ ಅಲುಗಿ ವಿದ್ಯುತ್ತು ಹುಟ್ಟಿಸುವ ಮೈಕ್ ಅದು. ಒಂದೇ ಮೈಕ್ ಆದ್ದರಿಂದ ಯಾವ ವಾದ್ಯ ಎಷ್ಟು ಎಂದು ಆಮೇಲೆ ಯಾರೂ ಕೂತು ಹೊಂದಿಸಲಾಗದು. ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಎದೆಗೇ ಬಡಿಯುತ್ತದೆ. ಕೆಲವರಿಗೆ ಇದು ಕೊರತೆ. ನನಗೆ ಅದೇ ಆ ರಾತ್ರಿಯ ಸತ್ಯ.

ಈಗ ಯಂತ್ರಕಲಿಕೆಯಿಂದ (ಮಷಿನ್ ಲರ್ನಿಂಗ್) ಒಂದೇ ಟೇಪಿನ ವಾದ್ಯಗಳನ್ನು ಬಿಡಿಬಿಡಿಯಾಗಿ ತೆಗೆಯಬಹುದು. ಬೀಟಲ್ಸ್ ತಂಡದ 2023ರ ಹಾಡಿಗೆ ಜಾನ್ ಲೆನನ್ ಧ್ವನಿಯನ್ನು ಹಳೆಯ ಕ್ಯಾಸೆಟ್ಟಿನಿಂದ ಹೀಗೇ ಬಿಡಿಸಿದ್ದು. ಜಾಝ್‌ನಲ್ಲಿ ಎಚ್ಚರ ಬೇಕು. ಟೇಪಿನ 'ಸ್ಸ್' ಸದ್ದು ಮತ್ತು ಸಿಂಬಲ್‌ನ ಕೊನೆಯ ಕಂಪನ ಬಹುಮಟ್ಟಿಗೆ ಒಂದೇ ಎತ್ತರದಲ್ಲಿರುತ್ತವೆ. ಒಂದನ್ನು ಜಾಸ್ತಿ ಒರೆಸಿದರೆ ಇನ್ನೊಂದೂ ಹೋಗುತ್ತದೆ. ಸ್ವಲ್ಪ ಸದ್ದು ಇರಲಿ ಎಂದೇ ನಾನು ಹೇಳುವುದು. 1961ರಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಪಿಯಾನೊ ವಾದಕ ಬಿಲ್ ಇವಾನ್ಸ್ ನುಡಿಸಿದ ಧ್ವನಿಮುದ್ರಣದಲ್ಲಿ ಗ್ಲಾಸುಗಳ ಕಿಣಿಕಿಣಿ, ಜನರ ಮಾತು ಎಲ್ಲ ಇದೆ. ಅದನ್ನು ತೆಗೆದರೆ ಕೋಣೆಯನ್ನೇ ತೆಗೆದಂತೆ.

ಮುಂದಿನ ಆಲ್ಬಮ್ಮು ಯಾರ ಕಪಾಟಿನಿಂದ ಬರುತ್ತದೆ ಎಂದು ಹೇಳಲಾಗದು. ಆದರೆ ಸಮಯ ಕಮ್ಮಿ ಇದೆ. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ, 2025ರೊಳಗೆ ಡಿಜಿಟಲ್ ಆಗದ ಟೇಪುಗಳಲ್ಲಿ ಹೆಚ್ಚಿನವು ಕೈತಪ್ಪುತ್ತವೆ ಎಂದು ಎಚ್ಚರಿಸಿತ್ತು. ಟೇಪು ಕೆಡುವುದಷ್ಟೇ ಅಲ್ಲ, ಓದುವ ಯಂತ್ರಗಳು, ಬಿಡಿಭಾಗಗಳು, ಅವನ್ನು ರಿಪೇರಿ ಮಾಡಬಲ್ಲವರು ಎಲ್ಲವೂ ಕಡಿಮೆಯಾಗುತ್ತಿದ್ದಾರೆ. ನಮ್ಮಲ್ಲೂ ರಸಿಕರು ಕಛೇರಿಗಳನ್ನು ಸ್ಪೂಲ್ ಟೇಪಿಗೆ ಹಿಡಿದಿಟ್ಟ ಮನೆಗಳಿವೆ. ಕರಾವಳಿ, ಮಲೆನಾಡಿನ ತೇವ ಅವುಗಳಿಗೆ ಶತ್ರು. ಅಂಥದ್ದೊಂದು ನಿಮ್ಮ ಅಟ್ಟದಲ್ಲಿದ್ದರೆ ಹಳೆಯ ಯಂತ್ರಕ್ಕೆ ಹಾಕಿ ನೋಡಬೇಡಿ, ಒಲೆಯಲ್ಲಿ ಬಿಸಿ ಮಾಡುವ ಸಾಹಸವಂತೂ ಬೇಡ. ಅಸಿಟೇಟ್ ಟೇಪು ಬಿಸಿಗೆ ಹಾಳಾಗುತ್ತದೆ. ಮೊದಲು ಸುತ್ತಿದ ರೀಲನ್ನು ಬದಿಯಿಂದ ಬೆಳಕಿಗೆ ಹಿಡಿಯಿರಿ. ಬೆಳಕು ಹಾದು ಬಂದರೆ ಅದು ಅಸಿಟೇಟ್, ಬಾರದಿದ್ದರೆ ಬಹುಪಾಲು ಪಾಲಿಯೆಸ್ಟರ್. ವಿನೆಗರ್ ವಾಸನೆ ಇದ್ದರೆ ಅದನ್ನು ಉಳಿದ ಟೇಪುಗಳಿಂದ ಬೇರೆ ಇಡಿ, ಡಿಜಿಟಲ್ ಮಾಡಿಸುವಾಗ ಅದನ್ನೇ ಮೊದಲು ಕಳಿಸಿ.