ನುಡಿಯಲ್ಲಿ ಬರೆದದ್ದೆಲ್ಲ ಹೊಸ ಕಂಪ್ಯೂಟರಿನಲ್ಲಿ ಕಲಸಿಹೋಗಿದೆ, ಮತ್ತೆ ಸಿಗುತ್ತದೆಯೇ?

ಪ್ರಶ್ನೆ: ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬಂದೆ. ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಲೇಖನಗಳೆಲ್ಲ ಇಲ್ಲಿ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಬರೆದದ್ದೆಲ್ಲ ಹೋಯಿತೇ?

ಹೋಗಿಲ್ಲ. ಆದರೆ ಆ ಫೈಲ್‌ಗಳನ್ನು ಈಗ ಸೇವ್ ಮಾಡಬೇಡಿ. ತೆರೆದಿದ್ದರೆ ಹಾಗೇ ಮುಚ್ಚಿ. ಸೇವ್ ಮಾಡಲೇ ಎಂದು ಕೇಳಿದರೆ ಬೇಡ ಅನ್ನಿ. ಮೊದಲು ಇಡೀ ಫೋಲ್ಡರನ್ನು ಪೆನ್ ಡ್ರೈವ್‌ಗೆ ನಕಲು ಮಾಡಿ ತೆಗೆದಿಡಿ.

ಹಲವು ಭಾಷೆಗಳ ಅಕ್ಷರಗಳಿಗೆ ಬೇರೆಬೇರೆ ಜಾಗ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಬಳಕೆಗೆ ಬರುವ ಮುಂಚಿನ ನುಡಿ, ಬರಹದಂಥ ತಂತ್ರಾಂಶಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಇದನ್ನೇ ನಾವು ಆಸ್ಕಿ ಕನ್ನಡ ಅನ್ನುವುದು. ನೀವು ‘ಕ’ ಟೈಪ್ ಮಾಡಿದಾಗ ಫೈಲಿನೊಳಗೆ ಹೋದದ್ದು ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆ ಗೆರೆಯಿರುವ ಒಂದು ಎ. ಅದಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದದ್ದು ನುಡಿ ಫಾಂಟ್. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಒಳಗಿದ್ದದ್ದು ಇದ್ದ ಹಾಗೇ ಕಾಣುತ್ತಿದೆ. ಯೂನಿಕೋಡ್‌ನಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಜಾಗಗಳಿವೆ. ‘ಕ’ ಎಲ್ಲಿ ಹೋದರೂ ‘ಕ’ ಆಗಿಯೇ ಇರುತ್ತದೆ.

ಮೊದಲು ಬರಹವನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳೋಣ. ಕಲಸಿದ ಸಾಲಿನ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ಫಾಂಟ್ ಇಲ್ಲದಿದ್ದರೂ ಸಾಮಾನ್ಯವಾಗಿ ಅದರ ಹೆಸರು ಅಲ್ಲಿ ಉಳಿದಿರುತ್ತದೆ. ಆ ಫಾಂಟ್ ಫೈಲನ್ನು ಹಳೆಯ ಕಂಪ್ಯೂಟರಿನಿಂದ ತಂದು ಇನ್‌ಸ್ಟಾಲ್ ಮಾಡಿದರೆ ಬರಹ ಕನ್ನಡದಲ್ಲೇ ಕಾಣುತ್ತದೆ. ಒಮ್ಮೆ ಓದಲು, ಪ್ರಿಂಟ್ ತೆಗೆಯಲು ಇಷ್ಟು ಸಾಕು.

ಆದರೆ ಇಲ್ಲಿಗೇ ನಿಲ್ಲಿಸಬೇಡಿ ಎನ್ನುವುದು ನನ್ನ ಕೋರಿಕೆ. ಮುಂದಿನ ಕಂಪ್ಯೂಟರಿನಲ್ಲಿ ಮತ್ತೆ ಇದೇ ಗೋಳು ಅಲ್ವಾ? ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಫಾಂಟಿಗೆ ಹೊಂದುವುದನ್ನೇ ಆರಿಸಿ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಅಕ್ಷರ ಜೋಡಣೆ ನುಡಿಯದಕ್ಕಿಂತ ಬೇರೆ. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿ ಬರಹ ಕೊಟ್ಟರೆ ಇನ್ನಷ್ಟು ಕಲಸಿ ಬರುತ್ತದೆ.

ಬದಲಿಸಿದ ಮೇಲೆ ಕೂತು ಓದಲೇಬೇಕು. ಅರ್ಕಾವತ್ತನ್ನು ಮೊದಲು ನೋಡಿ. ‘ಕರ್ನಾಟಕ’ ಎನ್ನುವಾಗ ನುಡಿಯಲ್ಲಿ ಅರ್ಕಾವತ್ತಿನ ಗುರುತು ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಅದಕ್ಕಿಂತ ಮೊದಲೇ ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಬೇಕು, ಎಡವುವುದು ಇಂಥ ಕಡೆಯೇ. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದು ತಿಳಿದು ಬದಲಿಸಿಬಿಡಬಹುದು. ಹೆಸರು, ವಿಳಾಸ, ಇಮೇಲ್ ಇರುವ ಸಾಲುಗಳನ್ನು ಮೂಲದ ಜೊತೆ ಹೋಲಿಸಿ.

ಕಲಸಿ ಕಾಣುತ್ತಿರುವ ಬರಹದೊಳಗೆ ಸುಮ್ನೆ ತಿದ್ದಲು ಹೋಗಬೇಡಿ. ವಾಕ್ಯದ ಮೊದಲಿನ ಇಂಗ್ಲಿಷ್ ಅಕ್ಷರವನ್ನು ದೊಡ್ಡದು ಮಾಡುವ ಅಭ್ಯಾಸ ಲಿಬ್ರೆಆಫೀಸ್ ರೈಟರ್‌ನಂಥ ಬರವಣಿಗೆಯ ತಂತ್ರಾಂಶಗಳಿಗೆ ಇದೆ. ನುಡಿಯಲ್ಲಿ ಸಣ್ಣ ಝಡ್ ಎಂದರೆ ‘ದ’, ದೊಡ್ಡ ಝಡ್ ಎಂದರೆ ‘ಚ’. ‘ದನ’ ಹೋಗಿ ‘ಚನ’ ಆದರೆ ಆಮೇಲೆ ಹುಡುಕುವುದು ಬಹಳ ಕಷ್ಟ.

ಕೆಲವರಿಗೆ ಇಂಗ್ಲಿಷ್ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತವೆ. ಅದು ಹೆಚ್ಚಾಗಿ ಯೂನಿಕೋಡ್ ಬರಹವೇ, ಕನ್ನಡ ಫಾಂಟ್ ಮಾತ್ರ ಇಲ್ಲ. ನೋಟೊ ಸಾನ್ಸ್ ಕನ್ನಡದಂಥದ್ದನ್ನು ಹಾಕಿಕೊಂಡರೆ ಮುಗಿಯಿತು.

ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಮಾತ್ರ ವಿಷಯ ಗಂಭೀರ. ಯಾರೋ ಅದನ್ನು ಕನ್ನಡಕ್ಕೆ ಜಾಗವಿಲ್ಲದ ರೂಪದಲ್ಲಿ ಸೇವ್ ಮಾಡಿದ್ದಾರೆ ಎಂದರ್ಥ. ಯಾವ ಅಕ್ಷರವಿತ್ತು ಎಂಬುದರ ಗುರುತೇ ಆ ನಕಲಿನಲ್ಲಿ ಉಳಿದಿರುವುದಿಲ್ಲ, ಯಾವ ಪರಿವರ್ತಕವೂ ಅದನ್ನು ಮರಳಿ ತರಲಾರದು. ಆಗ ಹಿಂದಿನ ನಕಲನ್ನೇ ಹುಡುಕಬೇಕು. ಹಳೆಯ ಹಾರ್ಡ್ ಡಿಸ್ಕ್, ಸಿಡಿ ನೋಡಿ. ಲೇಖನವನ್ನು ಯಾವಾಗಲಾದರೂ ಇಮೇಲ್‌ನಲ್ಲಿ ಕಳಿಸಿದ್ದರೆ ಕಳಿಸಿದ ಪತ್ರಗಳ ಪೆಟ್ಟಿಗೆಯನ್ನು ಮೊದಲು ತೆರೆಯಿರಿ. ಅಲ್ಲಿನ ಲಗತ್ತು ಕಳಿಸಿದ ದಿನ ಹೇಗಿತ್ತೋ ಹಾಗೇ ಇರುತ್ತದೆ.