ನಿಲ್ಲಲು ಬರಬೇಕಾದ ಮೋಟರು

ಡಾರ್ಕ್ ರೂಮಿನಲ್ಲಿ ನೆಗೆಟಿವಿನ ಬಿಂಬವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರಿಗೆ ಮೋಟರೂ ಇರುತ್ತದೆ ಎಂದರೆ ಸ್ವತಃ ಫೋಟೊ ತೊಳೆದು ಅಭ್ಯಾಸವಿದ್ದವರೂ ಹುಬ್ಬೇರಿಸುತ್ತಾರೆ. ಊರಿನ ಸ್ಟುಡಿಯೋಗಳಲ್ಲಿ ಕಂಡ ಎನ್‌ಲಾರ್ಜರುಗಳು ಬಹುಮಟ್ಟಿಗೆ ಕೈಯಲ್ಲಿ ಆಡಿಸುವಂಥವು. ಕಂಬದ ಪಕ್ಕದ ಹಿಡಿ ತಿರುಗಿಸಿದರೆ ದೀಪ, ನೆಗೆಟಿವು, ಲೆನ್ಸು ಹೊತ್ತ ಹೆಡ್ ಏರುತ್ತದೆ, ಇನ್ನೊಂದು ತಿರುಪು ಬಿಗಿದರೆ ಅಲ್ಲೇ ನಿಲ್ಲುತ್ತದೆ. 35 ಮಿ.ಮೀ. ಫಿಲ್ಮಿಗೆ ಅಷ್ಟು ಸಾಕು. ನೆಗೆಟಿವೇ ಅಂಗೈಯಗಲದ 4×5 ಇಂಚಿನದಾದರೆ ದೀಪದ ಪೆಟ್ಟಿಗೆ, ಬೆಲ್ಲೋಸ್, ಲೆನ್ಸ್ ಎಲ್ಲವೂ ದೊಡ್ಡವಾಗಿ, ಹೆಡ್ ಒಬ್ಬರ ರಟ್ಟೆಗೆ ಭಾರವಾಗುತ್ತದೆ. ಅಮೆರಿಕದಲ್ಲಿ 1869ರಲ್ಲಿ ಶುರುವಾದ ಬೆಸೆಲರ್ ಕಂಪನಿ ತನ್ನ 45 ಸರಣಿಯ ಎನ್‌ಲಾರ್ಜರುಗಳಿಗೆ ಮೋಟರು ಕೂರಿಸಿದ್ದು ಇದಕ್ಕೇ. ಸ್ವಿಚ್ಚು ಒತ್ತಿದರೆ ಹೆಡ್ ಏರುತ್ತದೆ, ಇಳಿಯುತ್ತದೆ.

ಇಂಥ ಯಂತ್ರಗಳಿಗೆ ಈಗ ಹತ್ತಾರು ವರ್ಷ ವಯಸ್ಸಾಗಿದೆ. ಇಟಲಿಯ ಡರ್ಸ್ಟ್ ಒಂದು ಕಾಲಕ್ಕೆ ಎನ್‌ಲಾರ್ಜರಿನ ದೊಡ್ಡ ಹೆಸರು. ಇವತ್ತು ಅದು ಇಂಕ್‌ಜೆಟ್ ಮುದ್ರಣ ಯಂತ್ರಗಳ ಕಂಪನಿ. ಹಾಗಾಗಿ ಮೋಟರು ಕೆಟ್ಟರೆ ಅದೇ ಮೋಟರು ಸಿಗುವುದನ್ನು ಮರೆತು, ಕೆಲಸಕ್ಕೆ ಹೊಂದುವ ಇನ್ನೊಂದನ್ನು ಹುಡುಕಬೇಕು. ಹುಡುಕುವವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ, 'ಇಷ್ಟು ಭಾರ ಎತ್ತುತ್ತದಾ?' ಎತ್ತುವುದು ಸುಲಭದ ಕೆಲಸ. ಎತ್ತಿದ ಮೇಲೆ ಅಲುಗಾಡದೆ ನಿಲ್ಲುತ್ತದೆಯೇ ಎನ್ನುವುದೇ ಕೇಳಬೇಕಾದ ಪ್ರಶ್ನೆ.

ಯಾಕೆಂದು ಒಂದು ಲೆಕ್ಕದಿಂದ ನೋಡೋಣ. 4×5 ನೆಗೆಟಿವಿಗೆ ಸಾಮಾನ್ಯವಾಗಿ ಹಾಕುವುದು 150 ಮಿ.ಮೀ. ಲೆನ್ಸ್. ಎಷ್ಟು ಪಟ್ಟು ಹಿಗ್ಗಿಸುತ್ತೇವೋ ಅದಕ್ಕೆ ಒಂದನ್ನು ಕೂಡಿಸಿ ಲೆನ್ಸಿನ ನಾಭಿದೂರದಿಂದ ಗುಣಿಸಿದರೆ ಲೆನ್ಸಿನಿಂದ ಕಾಗದಕ್ಕೆ ಇರಬೇಕಾದ ದೂರ ಸಿಗುತ್ತದೆ. ಎರಡು ಪಟ್ಟಿನ 8×10 ಪ್ರಿಂಟಿಗೆ 45 ಸೆಂ.ಮೀ., ನಾಲ್ಕು ಪಟ್ಟಿನ 16×20 ಪ್ರಿಂಟಿಗೆ 75 ಸೆಂ.ಮೀ. ಎತ್ತರ ಹೆಚ್ಚಿದಂತೆ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡುತ್ತದೆ. 8×10ಕ್ಕೆ 10 ಸೆಕೆಂಡಿನ ಬೆಳಕು (ಎಕ್ಸ್‌ಪೋಶರ್) ಸಾಕಾಗಿದ್ದರೆ 16×20ಕ್ಕೆ ಸುಮಾರು 28 ಸೆಕೆಂಡು ಬೇಕು. ದೊಡ್ಡ ಪ್ರಿಂಟಿಗೆ ಹೆಡ್ ಮೇಲೇರುವುದಷ್ಟೇ ಅಲ್ಲ, ಆ ಮೇಲಿನ ಸ್ಥಾನದಲ್ಲಿ ಹೆಚ್ಚು ಹೊತ್ತು ನಿಶ್ಚಲವಾಗಿಯೂ ಇರಬೇಕು.

ಆ 28 ಸೆಕೆಂಡಿನಲ್ಲಿ ಹೆಡ್ ತನ್ನ ಭಾರಕ್ಕೆ 1 ಮಿ.ಮೀ. ಜಾರಿತು ಎಂದುಕೊಳ್ಳಿ. 750 ಮಿ.ಮೀ. ದೂರದಲ್ಲಿ 1 ಮಿ.ಮೀ. ಎಂದರೆ ಬಿಂಬ 750ರಲ್ಲಿ ಒಂದು ಭಾಗ ಕುಗ್ಗುತ್ತದೆ. ಪ್ರಿಂಟಿನ ನಟ್ಟನಡುವೆ ಏನೂ ಗೊತ್ತಾಗದು. ನಡುವಿನಿಂದ 25 ಸೆಂ.ಮೀ. ಆಚೆಯ ಅಂಚಿನಲ್ಲಿ ಮಾತ್ರ ಗೆರೆಗಳು ಮೂರನೇ ಒಂದು ಮಿ.ಮೀ.ನಷ್ಟು ಎಳೆದಂತಾಗುತ್ತವೆ. ಕಣ್ಣು ಇದನ್ನು ಸಲೀಸಾಗಿ ಹಿಡಿಯುತ್ತದೆ. ನಡುವೆ ಚೂಪು, ಅಂಚಿನಲ್ಲಿ ಹೊರಮುಖವಾಗಿ ಎಳೆದ ಮಸುಕು ಕಂಡರೆ ಜನ ಲೆನ್ಸನ್ನೋ ಬಾಗಿದ ನೆಗೆಟಿವನ್ನೋ ಬೈಯುತ್ತಾರೆ. ತಪ್ಪು ಗೇರಿನದ್ದಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಹಾಗಾದರೆ ಹೆಡ್ಡನ್ನು ಹಿಡಿದು ನಿಲ್ಲಿಸುವುದು ಯಾವುದು? ಮೋಟರಿಗೆ ಕರೆಂಟು ಹೋದೊಡನೆ ಅದರ ಬಲ ಸೊನ್ನೆ. ಹಿಡಿಯುವ ಕೆಲಸ ವರ್ಮ್ ಗೇರಿನದು. ತಿರುಪಿನಂಥ ಒಂದು ದಂಡ, ಅದಕ್ಕೆ ಕಚ್ಚಿಕೊಂಡ ಒಂದು ಹಲ್ಲುಚಕ್ರ. ದಂಡ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ದಂಡವನ್ನು ತಿರುಗಿಸಲಾರದು. ದಂಡದ ತಿರುಪಿನ ಓರೆ ತೀರಾ ಕಡಿಮೆ ಇರುವುದರಿಂದ, ಚಕ್ರ ಎಷ್ಟೇ ಒತ್ತಿದರೂ ಘರ್ಷಣೆ ಅದನ್ನು ಜಾರಗೊಡುವುದಿಲ್ಲ. ಘರ್ಷಣಾಂಕ 0.1 ಇದ್ದರೆ, ಓರೆ ಸುಮಾರು 5.7 ಡಿಗ್ರಿಗಿಂತ ಕಡಿಮೆ ಇರುವ ತನಕ ಬೀಗ ಗಟ್ಟಿ. ಇದಕ್ಕೆ ಬೆಲೆಯೂ ಉಂಟು: ಹೀಗೆ ತಾನೇ ಬೀಗ ಹಾಕಿಕೊಳ್ಳುವ ಗೇರು, ಮೋಟರು ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಘರ್ಷಣೆಗೇ ಸುರಿಯುತ್ತದೆ. ಎನ್‌ಲಾರ್ಜರಿನಲ್ಲಿ ಈ ಪೋಲು ನಮಗೆ ಬೇಕಾದದ್ದೇ.

ಮೋಟರು ಬದಲಿಸುವ ಮುಂಚೆ ಅದು ನಿಜವಾಗಿ ಸತ್ತಿದೆಯೇ ಎಂದು ನೋಡುವುದು ಒಳ್ಳೆಯದು. ಎಷ್ಟೋ ಸಲ ಸತ್ತಿರುವುದಿಲ್ಲ. ಹಲವು ಎನ್‌ಲಾರ್ಜರುಗಳಲ್ಲಿ ಇರುವುದು ಕೆಪಾಸಿಟರಿನ ಎ.ಸಿ. ಮೋಟರು, ನಮ್ಮ ಸೀಲಿಂಗ್ ಫ್ಯಾನಿನ ದಾಯಾದಿ. ಫ್ಯಾನು ಗುಂಯ್ ಎನ್ನುತ್ತಾ ನಿಂತಿದ್ದು, ಕೋಲಿನಿಂದ ರೆಕ್ಕೆ ತಳ್ಳಿದರೆ ಹೊರಡುತ್ತದೆ ಎಂದರೆ ಎಲೆಕ್ಟ್ರಿಷಿಯನ್ ಕಣ್ಣು ಮುಚ್ಚಿಕೊಂಡು ಕೆಪಾಸಿಟರು ಬದಲಿಸುತ್ತಾನೆ. ಇಲ್ಲೂ ಅದೇ ಕಥೆ. ಎರಡು ಕಾಯಿಲುಗಳ ಕರೆಂಟಿನ ನಡುವೆ ಕೆಪಾಸಿಟರು ಕಾಲದ ವ್ಯತ್ಯಾಸ ಹುಟ್ಟಿಸುತ್ತದೆ, ಅದರಿಂದ ಕಾಂತಕ್ಷೇತ್ರ ಸುತ್ತುತ್ತದೆ, ಮೋಟರಿನೊಳಗೆ ತಿರುಗುವ ಭಾಗವಾದ ರೋಟರು ಅದರ ಬೆನ್ನು ಹತ್ತುತ್ತದೆ. ಕೆಪಾಸಿಟರು ಸೊರಗಿದರೆ ಕ್ಷೇತ್ರ ಸುತ್ತುವ ಬದಲು ಇದ್ದಲ್ಲೇ ಕುಣಿಯುತ್ತದೆ.

ಫ್ಯಾನಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಎರಡೂ ದಿಕ್ಕಿಗೆ ಒಂದೇ ಬಲದಿಂದ ತಿರುಗಬೇಕಾದ ಮೋಟರಿನ ಎರಡು ಕಾಯಿಲುಗಳು ತದ್ರೂಪು. ಮೂರು ವೈರು ಹೊರಬಂದಿರುತ್ತವೆ. ಪ್ಲಗ್ ಕಿತ್ತು, ಕೆಪಾಸಿಟರಿನ ಚಾರ್ಜು ಇಳಿಸಿ ಅದನ್ನು ಬಿಡಿಸಿಟ್ಟು, ಮಲ್ಟಿಮೀಟರಿನಲ್ಲಿ ಎರಡೆರಡೇ ವೈರು ಅಳೆದರೆ ಎರಡು ಅಳತೆ ಸಮ, ಮೂರನೆಯದು ಅವುಗಳ ಎರಡು ಪಟ್ಟು ಬರಬೇಕು. ಬಂದರೆ ಕಾಯಿಲಿನ ತಂತಿ ತುಂಡಾಗಿಲ್ಲ.

ಲಕ್ಷಣಗಳೂ ಮಾತಾಡುತ್ತವೆ. ಹೆಡ್ ಇಳಿಯುತ್ತದೆ, ಏರುವುದಿಲ್ಲ ಎಂದರೆ ಬಲ ಸಾಲುತ್ತಿಲ್ಲ ಎಂದರ್ಥ. ಇಳಿಯುವಾಗ ಗುರುತ್ವ ನೆರವಾಗುತ್ತದೆ, ಏರುವಾಗ ಇಲ್ಲ. ಸೊರಗಿದ ಕೆಪಾಸಿಟರೋ ಗಟ್ಟಿಯಾದ ಗ್ರೀಸೋ ಕಾರಣವಿರುತ್ತದೆ. ಏರುವುದು ಸಲೀಸು, ಇಳಿಯುವ ಗುಂಡಿ ಒತ್ತಿದರೆ ಸದ್ದೇ ಇಲ್ಲ ಎಂದರೆ ಮೋಟರಿನ ತಂಟೆಗೇ ಹೋಗಬೇಡಿ. ಒಂದು ಕಾಯಿಲು ಹೋಗಿದ್ದರೆ ಎರಡೂ ದಿಕ್ಕು ಹೋಗಬೇಕಿತ್ತು. ಒಂದೇ ದಿಕ್ಕು ಹೋಗಿದ್ದರೆ ಸ್ವಿಚ್ಚಿನ ಆ ಬದಿಯನ್ನೋ, ಕಂಬದ ತುದಿಯಲ್ಲಿ ಓಟ ತಡೆಯುವ ಲಿಮಿಟ್ ಸ್ವಿಚ್ಚನ್ನೋ ನೋಡಬೇಕು.

ಕಾಯಿಲು ಸುಟ್ಟಿದ್ದರೆ ವಾಸನೆಯೇ ಹೇಳುತ್ತದೆ. ಅಮೆರಿಕದ ಯಂತ್ರ ನಮ್ಮಲ್ಲಿ ಸುಡುವುದಕ್ಕೆ ಒಂದು ವಿಶೇಷ ಕಾರಣವೂ ಇದೆ. ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ಇಲ್ಲಿನದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. 60ರ ಮೋಟರು 50ರಲ್ಲಿ ಆರನೇ ಒಂದರಷ್ಟು ನಿಧಾನವಾಗುತ್ತದೆ. ಅದು ಚಿಂತೆಯಲ್ಲ. ಅದೇ 120 ವೋಲ್ಟಿಗೆ ಕಬ್ಬಿಣದ ಒಳಗಿನ ಕಾಂತಪ್ರವಾಹ ಶೇ 20ರಷ್ಟು ಹೆಚ್ಚಾಗಬೇಕಾಗುತ್ತದೆ, ಕಬ್ಬಿಣ ತಾಳುವ ಮಿತಿ ಹತ್ತಿರವಾಗಿ ಕರೆಂಟು ಏರುತ್ತದೆ, ಮೋಟರು ಬಿಸಿಯಾಗುತ್ತದೆ. 100 ವೋಲ್ಟ್ ಕೊಟ್ಟಿದ್ದರೆ ಸರಿಹೋಗುತ್ತಿತ್ತು. ಒಂದೊಂದು ಸಲಕ್ಕೆ ಕೆಲವೇ ಸೆಕೆಂಡು ಓಡುವುದರಿಂದ ಎಷ್ಟೋ ಮೋಟರು ಬದುಕಿಕೊಳ್ಳುತ್ತವೆ, ಅಷ್ಟೆ.

ಬದಲಿಸುವುದೇ ಎಂದಾದರೆ ಮೊದಲು ಹೆಡ್ಡಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಬೇಕು. ಹಲವು ಯಂತ್ರಗಳಲ್ಲಿ ವರ್ಮ್ ಗೇರು ಮೋಟರಿನ ಜೊತೆಗೇ ಒಂದೇ ಡಬ್ಬಿಯಲ್ಲಿ ಇರುತ್ತದೆ. ನಾಲ್ಕು ಬೋಲ್ಟು ಬಿಚ್ಚಿ ಅದನ್ನು ಹೊರತೆಗೆದರೆ ಬೀಗವನ್ನೇ ತೆಗೆದಂತೆ, 20 ಕೆ.ಜಿ. ಹೆಡ್ ಸೀದಾ ಬೆರಳ ಮೇಲೆ. ಡಬ್ಬಿ ತೆರೆದರೆ ಒಳಗಿನ ಹಳೇ ಗ್ರೀಸು ಕಂದು ಮೇಣವಾಗಿ ಹಲ್ಲುಗಳ ಎರಡೂ ಪಕ್ಕಕ್ಕೆ ಗೋಡೆ ಕಟ್ಟಿರುತ್ತದೆ, ಹಲ್ಲಿನ ಮುಖ ಮಾತ್ರ ಒಣಗಿ ಹೊಳೆಯುತ್ತಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ಹಾಕಿದ ಮೇಲೆ ಹಳೇ ಮೋಟರೇ ಓಡಿದರೆ ಆಶ್ಚರ್ಯವಿಲ್ಲ. ಹೊಸ ಗ್ರೀಸು ಘರ್ಷಣೆ ತಗ್ಗಿಸುವುದರಿಂದ ಬೀಗ ಸಡಿಲಾಯಿತೇ ಎಂದೂ ಆಮೇಲೆ ನೋಡಬೇಕು.

ಹೊಸದಕ್ಕೆ ಎಷ್ಟು ಶಕ್ತಿ ಬೇಕು? 20 ಕೆ.ಜಿ. ಹೆಡ್ಡಿನ ಭಾರ ಸುಮಾರು 200 ನ್ಯೂಟನ್. ಸೆಕೆಂಡಿಗೆ 2 ಸೆಂ.ಮೀ. ಏರಿಸಲು ಬೇಕಾದದ್ದು 4 ವ್ಯಾಟ್. ಗೇರಿನ ಪೋಲು ಸೇರಿಸಿದರೆ 10. ಹೊರಡುವಾಗಿನ ಬಿಗಿಯನ್ನೂ ಎಣಿಸಿ 20 ವ್ಯಾಟ್ ಹಿಡಿಯಿರಿ. ಹೆಡ್ಡನ್ನು ಎತ್ತುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರದ ತ್ರಿಜ್ಯ 1.5 ಸೆಂ.ಮೀ. ಇದ್ದರೆ ಅದಕ್ಕೆ ಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, 3 ನ್ಯೂಟನ್ ಮೀಟರ್, ವೇಗ ನಿಮಿಷಕ್ಕೆ 13 ಸುತ್ತು. ಅಂಗಡಿಯವರಿಗೆ ಮುಖ್ಯವಾಗಿ ಹೇಳಬೇಕಾದದ್ದು ಇವೆರಡನ್ನು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 'ಎನ್‌ಲಾರ್ಜರ್ ಮೋಟರು' ಎಂದು ಕೇಳಿದರೆ ಮಿಕಿಮಿಕಿ ನೋಡಿಯಾರು. ಟಾರ್ಕ್, ಸುತ್ತು, ಶಾಫ್ಟಿನ ದಪ್ಪ ಹೇಳಿದರೆ ಮಾತು ಮುಂದುವರಿಯುತ್ತದೆ. ಕಾಯಿಲು ಮಾತ್ರ ಸುಟ್ಟಿದ್ದರೆ ಪಂಪ್‌ಸೆಟ್ಟಿನ ಮೋಟರು ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಯೂ ದಾರಿಯೇ. ಎರಡು ಕಾಯಿಲಿನ ಸುತ್ತೂ ಸಮ ಇರಲಿ ಎಂದು ಒತ್ತಿ ಹೇಳಬೇಕು.

ಇರಲಿ ಎಂದು ದೊಡ್ಡ ಮೋಟರು ಹಾಕುವ ಚಪಲ ಬೇಡ. ನಿಮಿಷಕ್ಕೆ 1500 ಸುತ್ತಿನ ರೋಟರು ಸ್ವಿಚ್ಚು ಬಿಟ್ಟ ಮೇಲೆ ಸೆಕೆಂಡಿನ ಐದನೇ ಒಂದರಲ್ಲಿ ನಿಂತರೂ ಎರಡೂವರೆ ಸುತ್ತು ಓಡಿರುತ್ತದೆ. ಗೇರು ದಾಟಿ ಅದು ಹೆಡ್ಡಿನಲ್ಲಿ 2 ಮಿ.ಮೀ. ಆಗುತ್ತದೆ. ವೇಗ ಎರಡು ಪಟ್ಟಾದರೆ ಈ ಓಟ ನಾಲ್ಕು ಪಟ್ಟು. ರೋಟರು ಭಾರವಾದರೆ ಇನ್ನೂ ಹೆಚ್ಚು. ಹೆಡ್ ಕಂಬದ ತುದಿಗೆ ಬಡಿದ ದಿನ ಸಣ್ಣ ಮೋಟರು ಗೊಣಗುತ್ತಾ ನಿಲ್ಲುತ್ತದೆ, ದೊಡ್ಡದು ನೈಲಾನ್ ಹಲ್ಲನ್ನು ಮುರಿದೇ ನಿಲ್ಲುತ್ತದೆ.

ಈಗಿನ ಹುಡುಗರಿಗೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರಿನ ಮೇಲೆ ಪ್ರೀತಿ. ಸುತ್ತಿಗೆ 200 ಹೆಜ್ಜೆ, ಹೇಳಿದಲ್ಲಿಗೆ ಹೋಗಿ ನಿಲ್ಲುತ್ತದೆ, ಎತ್ತರವನ್ನು ನೆನಪಿಟ್ಟುಕೊಳ್ಳಬಹುದು. ಎಲ್ಲ ನಿಜ. ವರ್ಮ್ ಗೇರಿಲ್ಲದೆ ಹಾಕಿದರೆ ಮಾತ್ರ ಹಿಡಿದು ನಿಲ್ಲಲೂ ಅದಕ್ಕೆ ಕರೆಂಟು ಬೇಕು, ಕರೆಂಟಿದ್ದಷ್ಟು ಹೊತ್ತು ಸಣ್ಣಗೆ ಗುನುಗುತ್ತಿರುತ್ತದೆ, ಎಕ್ಸ್‌ಪೋಶರಿನ ನಡುವೆ ಗುನುಗು ಯಾರಿಗೆ ಬೇಕು? ವರ್ಮ್ ಇಟ್ಟು, ತಲುಪಿದೊಡನೆ ಕರೆಂಟು ಕಡಿಯುವುದು ಸರಿಯಾದ ಕ್ರಮ. ಜೊತೆಗೆ ಈ ಮೋಟರನ್ನು ನಡೆಸುವ ಡ್ರೈವರ್ ಬೋರ್ಡಿನ ಮೇಲೆ ಮಿನುಗುವ ಹಸಿರು ಅಥವಾ ನೀಲಿ ಎಲ್‌ಇಡಿಗೆ ಕಪ್ಪು ಟೇಪು ಅಂಟಿಸಿ. ಕೆಂಪು ದೀಪಕ್ಕೆ ಸುಮ್ಮನಿರುವ ಕಾಗದ ಆ ಎರಡು ಬಣ್ಣಕ್ಕೆ ಸುಮ್ಮನಿರುವುದಿಲ್ಲ.

ಹೊಸ ಮೋಟರು ಕೂತ ಮೇಲೆ ಪರೀಕ್ಷೆಗೆ ಫಿಲ್ಮೂ ಬೇಡ, ಕಾಗದವೂ ಬೇಡ. ಹೆಡ್ಡಿನ ಮುಖಕ್ಕೆ ಒಂದು ಚೂರು ಕನ್ನಡಿ ಅಂಟಿಸಿ, ಮೇಜಿನ ಮೇಲೆ ಭದ್ರವಾಗಿಟ್ಟ ಲೇಸರ್ ಪಾಯಿಂಟರಿನ ಬೆಳಕನ್ನು ಅದರಿಂದ 5 ಮೀಟರ್ ದೂರದ ಗೋಡೆಗೆ ಬೀಳಿಸಿ. ಹೆಡ್ ಡಿಗ್ರಿಯ ಅರವತ್ತನೇ ಒಂದು ಭಾಗ ವಾಲಿದರೂ ಗೋಡೆಯ ಮೇಲಿನ ಚುಕ್ಕಿ ಸುಮಾರು 3 ಮಿ.ಮೀ. ಸರಿಯುತ್ತದೆ. ಅಷ್ಟೇ ವಾಲಿಕೆ 75 ಸೆಂ.ಮೀ. ಕೆಳಗಿನ ಬಿಂಬವನ್ನು 0.2 ಮಿ.ಮೀ. ಸರಿಸುತ್ತದೆ, ಗೆರೆಯೊಂದನ್ನು ಮಸುಕಾಗಿಸಲು ಅದು ಧಾರಾಳ. ಮೋಟರು ಓಡಿಸಿ, ನಿಲ್ಲಿಸಿ, ಚುಕ್ಕಿಯ ನಡುಕ ಪೂರ್ತಿ ಅಡಗುವ ತನಕ ಎಷ್ಟು ಸೆಕೆಂಡಾಗುತ್ತದೆ ಎಂದು ನೋಡಿ. ದೀಪ ಹಚ್ಚುವ ಮುಂಚೆ ಅಷ್ಟು ಹೊತ್ತು ಕಾಯಬೇಕು. ಹೆಡ್ ನೇರ ಕೆಳಗೆ ಜಾರಿದರೆ ಕನ್ನಡಿಗೆ ಗೊತ್ತಾಗದು; ಅದಕ್ಕೆ ಕಂಬದ ಮೇಲೆ ಪೆನ್ಸಿಲ್ ಗುರುತು ಹಾಕಿಟ್ಟು ಬೆಳಿಗ್ಗೆ ಬಂದು ನೋಡಿದರೆ ಸಾಕು.