ಹೈಫೀಲ್ಡ್ಸ್ ಮನೆಯ ಸಂಜೆಗಳು

ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಪುಟ್ಟ ಮಗನನ್ನು 1932ರಲ್ಲಿ ಅಪಹರಿಸಿದ್ದು ನ್ಯೂಜೆರ್ಸಿಯ ಹೋಪ್‌ವೆಲ್ ಬಳಿಯ ಮನೆಯಿಂದ. ಮಗು ಹೆಣವಾಗಿ ಸಿಕ್ಕಿತು, ದಂಪತಿ ಆ ಮನೆ ತೊರೆದರು. 1950ರಲ್ಲಿ ಅದೇ ಹೈಫೀಲ್ಡ್ಸ್ ಮನೆಗೆ ಬಂದು ಸೇರಿದವರು ತಪ್ಪು ಮಾಡಿ ಕೋರ್ಟಿನ ಮುಂದೆ ನಿಂತಿದ್ದ 16–17ರ ಹುಡುಗರು.

ಜೈಲಿಗೆ ಕಳಿಸದೆ ಪ್ರೊಬೇಷನ್ ಮೇಲೆ, ಅಂದರೆ ನಿಗಾದಲ್ಲಿ, ಬಿಡುವ ನ್ಯಾಯಾಧೀಶರು ‘ಕೆಲವು ತಿಂಗಳು ಅಲ್ಲಿರಬೇಕು’ ಎಂದು ಷರತ್ತು ಹಾಕುತ್ತಿದ್ದರು. ಒಮ್ಮೆಗೆ ಇಪ್ಪತ್ತರಷ್ಟು ಹುಡುಗರು, ಕಾವಲುಗಾರರಿಲ್ಲ. ಹಗಲು ಹತ್ತಿರದ ಮಾನಸಿಕ ಆಸ್ಪತ್ರೆಯಲ್ಲಿ ಕೂಲಿ ಕೆಲಸ, ವಾರಕ್ಕೆ ಐದು ಸಂಜೆ ಗುಂಪು ಸಭೆ. ಹೈಫೀಲ್ಡ್ಸ್ ನಡೆಸುತ್ತಿದ್ದ ಲಾಯ್ಡ್ ಮೆಕಾರ್ಕಲ್ ಈ ಕ್ರಮವನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಫೋರ್ಟ್ ನಾಕ್ಸ್ ಸೇನಾ ನೆಲೆಯಲ್ಲಿ, ಶಿಕ್ಷೆಗೊಳಗಾದ ಸೈನಿಕರ ನಡುವೆ ರೂಢಿಸಿಕೊಂಡು ಬಂದಿದ್ದರು. ದೊಡ್ಡವರ ಬುದ್ಧಿವಾದ ಈ ವಯಸ್ಸಿಗೆ ಕೆಸುವಿನೆಲೆಯ ಮೇಲಿನ ನೀರು. ಆದರೆ ‘ಬುರುಡೆ ಬಿಡಬೇಡ, ನಾನೂ ಅದನ್ನೇ ಮಾಡಿದವನು’ ಎಂದು ಪಕ್ಕದ ಹುಡುಗನೇ ಅಂದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಇಡೀ ಪದ್ಧತಿ ನಿಂತಿದ್ದು ಈ ನಂಬಿಕೆಯ ಮೇಲೆ.

1956ರಲ್ಲಿ ಯೂಟಾದ ಪ್ರೊವೊದಲ್ಲಿ ಸಮಾಜಶಾಸ್ತ್ರಜ್ಞ ಲಮಾರ್ ಎಂಪೆ ಇನ್ನೊಂದು ಹೆಜ್ಜೆ ಇಟ್ಟರು. ಅಲ್ಲಿ ಹುಡುಗರು ದಿನವೂ ಗುಂಪಿಗೆ ಬಂದು ರಾತ್ರಿ ತಮ್ಮ ಮನೆಯಲ್ಲೇ ಮಲಗುತ್ತಿದ್ದರು. ಅರವತ್ತರ ದಶಕದ ಕೊನೆಗೆ ಮಿನ್ನೆಸೊಟಾದ ರೆಡ್ ವಿಂಗ್‌ವರೆಗೂ ಈ ಗಾಳಿ ಬೀಸಿತ್ತು.

ಪೆಟ್ಟು ಬಿದ್ದದ್ದು 1999ರಲ್ಲಿ. ಸಂಶೋಧಕರಾದ ಥಾಮಸ್ ಡಿಷಿಯನ್, ಜೋನ್ ಮೆಕಾರ್ಡ್ ಮತ್ತು ಫ್ರಾಂಸ್ವಾ ಪೂಲಾ ಸೇರಿ ಬರೆದ ಪ್ರಬಂಧ, ದಾರಿ ತಪ್ಪುತ್ತಿರುವ ಹುಡುಗರನ್ನು ಒಟ್ಟುಗೂಡಿಸಿದರೆ ಕೆಲವೊಮ್ಮೆ ಅವರು ಇನ್ನಷ್ಟು ಕೆಡುತ್ತಾರೆ ಎಂದು ತೋರಿಸಿತು. ಗೆಳೆಯರ ಮಾತುಕತೆಯನ್ನು ವಿಡಿಯೊದಲ್ಲಿ ಹಿಡಿದು ನೋಡಿದ್ದ ಡಿಷಿಯನ್ ತಂಡದ ಕಣ್ಣಿಗೆ ಬಿದ್ದದ್ದು ನಗು. ಒಬ್ಬ ಕಳ್ಳತನದ ಕಥೆ ಹೇಳಿದಾಗ ಇನ್ನೊಬ್ಬ ನಕ್ಕರೆ ಆ ನಗುವೇ ಶಹಬ್ಬಾಸ್‌ಗಿರಿ! ಮೆಕಾರ್ಡ್ ಬೆನ್ನು ಹತ್ತಿದ್ದು ಹುಡುಗರು ಕೆಡದಂತೆ ತಡೆಯಲು 1939ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಯೋಜನೆಯೊಂದರಲ್ಲಿ ಇದ್ದವರನ್ನು. ಆ ಯೋಜನೆಯ ಮೂಲಕ ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋಗಿ ಬಂದವರೇ ದೊಡ್ಡವರಾದ ಮೇಲೆ ಹೆಚ್ಚು ಹಾಳಾಗಿದ್ದರು. ನಮ್ಮ ಅಜ್ಜಿಯರು ‘ಸಹವಾಸ ದೋಷ’ ಎಂದು ಎರಡೇ ಪದದಲ್ಲಿ ಮುಗಿಸಿದ್ದಕ್ಕೆ ವಿದ್ವಾಂಸರಿಗೆ ಅರವತ್ತು ವರ್ಷ ಹಿಡಿಯಿತು.

ಹಾಗಂತ ಗುಂಪನ್ನೇ ಕೈಬಿಡುವುದು ಅವಸರವಾದೀತು. ನೂರಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಸಂಶೋಧಕ ಮಾರ್ಕ್ ಲಿಪ್ಸಿ 2009ರಲ್ಲಿ, ಗುಂಪು ಸಮಾಲೋಚನೆಯಿಂದ ಸರಾಸರಿಯಲ್ಲಿ ಮರು ಅಪರಾಧ ತಗ್ಗಿದೆ ಎಂದೇ ಕಂಡರು. ನನಗನ್ನಿಸುವಂತೆ ವ್ಯತ್ಯಾಸ ಇರುವುದು ಗುಂಪಿನ ನಡುವೆ ಕುಳಿತ ಹಿರಿಯನಲ್ಲಿ. ಆ ನಗು ಯಾವ ಕ್ಷಣ ದಾರಿ ತಪ್ಪಿತೆಂದು ಅವನಿಗೆ ಗೊತ್ತಾಗಬೇಕು.

ನಮ್ಮ 2015ರ ಬಾಲನ್ಯಾಯ ಕಾಯ್ದೆಯ 18ನೇ ಸೆಕ್ಷನ್ನಿನಲ್ಲೂ ಈ ಕ್ರಮ ಇದೆ. ಬುದ್ಧಿ ಹೇಳಿ ಮನೆಗೆ ಕಳಿಸುವುದು ಮೊದಲನೆಯ ಆಯ್ಕೆಯಾದರೆ, ‘ಗುಂಪು ಸಮಾಲೋಚನೆ ಮತ್ತು ಅಂಥ ಚಟುವಟಿಕೆಗಳು’ ಎರಡನೆಯದು. ಬಾಲನ್ಯಾಯ ಮಂಡಳಿ ಅದನ್ನು ಆದೇಶಿಸಬಹುದು. ಮೊದಲ ಸಲ ಬೈಕ್ ಕದ್ದ ಹುಡುಗನ ಪಕ್ಕದ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದು ಮಾತ್ರ ಆ ಒಂದು ಸಾಲಿನಲ್ಲಿಲ್ಲ.